ಪುರುಷರಿಗೆ ಪ್ರವೇಶವಿಲ್ಲ

ನಾನು ನರ್ಸ್ ಆಗಿ ಸೇರಿದ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನ ಬಾಗಿಲ ಮೇಲೆ ಕೆಂಪು ಪೇಂಟಿನಲ್ಲಿ ಬರೆದಿತ್ತು: ‘ಪುರುಷರಿಗೆ ಪ್ರವೇಶವಿಲ್ಲ’. ಡಾಕ್ಟರು ಗಂಡಸೇ. ಸಿಸೇರಿಯನ್ ಇದ್ದಾಗ ಅರಿವಳಿಕೆ ಕೊಡಲು ತುಮಕೂರಿನಿಂದ ಬರುತ್ತಿದ್ದವರೂ ಗಂಡಸು. ಆಕ್ಸಿಜನ್ ಸಿಲಿಂಡರ್ ಉರುಳಿಸಿಕೊಂಡು ಬರುತ್ತಿದ್ದ ಗ್ರೂಪ್ ಡಿ ನೌಕರನೂ ಗಂಡಸು. ಆ ಬೋರ್ಡು ತಡೆಯುತ್ತಿದ್ದದ್ದು ಒಳಗೆ ಬೇನೆ ತಿನ್ನುತ್ತಿದ್ದವಳ ಗಂಡನನ್ನು ಮಾತ್ರ.

ಇದು ಹಿಂದಿನಿಂದ ಬಂದ ಸಂಪ್ರದಾಯ, ಗಂಡಸಿಗೆ ಅಲ್ಲೇನು ಕೆಲಸ ಎಂದು ಹೇಳುವವರು ಈಗಲೂ ಇದ್ದಾರೆ. ಅದು ಅರ್ಧ ನಿಜ. ಸಂಪ್ರದಾಯ ಅವನನ್ನು ದೂರ ಇಟ್ಟದ್ದು ಒಂದು ರೀತಿಯಲ್ಲಿ, ಆಸ್ಪತ್ರೆ ಅವನನ್ನು ಹೊರಗೆ ನಿಲ್ಲಿಸಿದ್ದು ಇನ್ನೊಂದು ಕಾರಣಕ್ಕೆ. ಎರಡನ್ನೂ ಕಲಸಿ ಮಾತಾಡಿದರೆ ಲೆಕ್ಕ ತಪ್ಪುತ್ತದೆ.

ನಮ್ಮ ಕಡೆ ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕು. ಸೀಮಂತ ಮುಗಿಸಿ ಹುಡುಗಿಯನ್ನು ಕರೆತಂದರೆ ಮಗುವಿಗೆ ಮೂರೋ ಐದೋ ತಿಂಗಳಾದ ಮೇಲೆಯೇ ಅವಳು ಗಂಡನ ಮನೆಗೆ ಹಿಂತಿರುಗುವುದು. ಅಪ್ಪನಾದವನು ಹೆರಿಗೆಯ ಹೊತ್ತಿಗೆ ಬೇರೆ ಊರಿನಲ್ಲಿರುತ್ತಿದ್ದ. ನಾನು ಹುಟ್ಟಿದ ಸುದ್ದಿ ನಮ್ಮಪ್ಪನಿಗೆ ತಲುಪಿದ್ದು ಕಾರ್ಡಿನಲ್ಲಿ. ಅವರು ಬಂದು ಮುಖ ನೋಡಿದ್ದು ನಾಮಕರಣದ ಹಿಂದಿನ ಸಂಜೆ. ಅದರಲ್ಲಿ ಯಾರಿಗೂ ವಿಶೇಷ ಕಂಡಿರಲಿಲ್ಲ.

ಎರಡನೆಯ, ಮೂರನೆಯ ಹೆರಿಗೆಯ ಮಾತು ಬೇರೆ. ಅವು ಗಂಡನ ಮನೆಯಲ್ಲೇ ಆಗುತ್ತಿದ್ದದ್ದು ಹೆಚ್ಚು. ಅಲ್ಲಿ ಗಂಡನಿಗೆ ಕೈತುಂಬ ಕೆಲಸ. ನಡುರಾತ್ರಿ ಲಾಟೀನು ಹಿಡಿದು ಸೂಲಗಿತ್ತಿಯನ್ನು ಕರೆತರಬೇಕು, ಸೌದೆ ಒಡೆದು ಬಚ್ಚಲ ಹಂಡೆಗೆ ಉರಿ ಹಾಕಬೇಕು, ಕಸ ಹೂಳಲು ಹಿತ್ತಲಲ್ಲಿ ಗುಂಡಿ ತೋಡಬೇಕು. ಕೋಣೆಯೊಳಗೆ ಅವನಿಲ್ಲ, ಆದರೆ ಒಳಗಿನ ಪ್ರತಿ ಕೂಗೂ ಅವನಿಗೆ ಕೇಳುತ್ತದೆ. ಅಡ್ಡಬಿದ್ದ ಮಗು, ಬೀಳದ ಕಸ ಇಂಥವು ಬಂದಾಗ ಸೂಲಗಿತ್ತಿ ಬಾಗಿಲಿಗೆ ಬಂದು ನೇರವಾಗಿ ಅವನ ಹತ್ತಿರವೇ ಮಾತಾಡುತ್ತಿದ್ದಳು: ಗಾಡಿ ಕಟ್ಟು. ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಹದಿನೈದು ಸಾವಿರ ಬಾಗಿಲುಗಳ ಹೊರಗೆ ಇಂಥ ಗಂಡಸರು ಎಷ್ಟು ಜನ ನಿಂತಿದ್ದರೋ, ಅವರ ಕಥೆಯನ್ನು ಯಾರೂ ಬರೆದಿಟ್ಟಿಲ್ಲ.

ಇನ್ನು ಶಾಸ್ತ್ರ. ಮನುಸ್ಮೃತಿಯ ಪ್ರಕಾರ ಜಾತಕರ್ಮ ನಡೆಯಬೇಕಾದದ್ದು ಹೊಕ್ಕುಳಬಳ್ಳಿ ಕತ್ತರಿಸುವ ಮೊದಲು. ಚಿನ್ನ ತೇಯ್ದ ಜೇನುತುಪ್ಪ, ತುಪ್ಪವನ್ನು ಮಗುವಿನ ಬಾಯಿಗೆ ಮುಟ್ಟಿಸುವುದು ಅಪ್ಪನ ಕರ್ತವ್ಯ. ಅಂದರೆ ಆ ಗಳಿಗೆಯಲ್ಲಿ ಅವನು ಅಲ್ಲೇ ಇರಬೇಕು! ಆಚರಣೆಯಲ್ಲಿ ಅದು ಪುರುಡು ಕಳೆಯುವ ಹನ್ನೊಂದನೇ ದಿನಕ್ಕೆ ಜಾರಿತು, ನಾಮಕರಣದ ಜೊತೆ ಪುರೋಹಿತರು ಒಂದೇ ಉಸಿರಿನಲ್ಲಿ ಮುಗಿಸುವ ಮಂತ್ರವಾಯಿತು. ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಮಗುವಿನ ಪಾಡು ಇನ್ನೂ ವಿಚಿತ್ರ. ಶಾಂತಿ ಮಾಡಿಸುವ ತನಕ ಅಪ್ಪ ಅದರ ಮುಖ ನೋಡುವಂತಿಲ್ಲ. ನೋಡುವ ದಿನವೂ ನೇರವಾಗಿ ಅಲ್ಲ, ಬಟ್ಟಲಲ್ಲಿ ಎಣ್ಣೆ ತುಂಬಿ ಅದರಲ್ಲಿ ಬಿದ್ದ ನೆರಳನ್ನು ಮೊದಲು ನೋಡಬೇಕು. ವಾರ್ಡಿನಲ್ಲಿ ನಾವು ಹುಟ್ಟಿದ ಸಮಯ ಬರೆದುಕೊಟ್ಟ ಚೀಟಿ ಹಿಡಿದು ಜೋಯಿಸರ ಮನೆಗೆ ಓಡಿ, ಸಪ್ಪೆ ಮೋರೆ ಹಾಕಿಕೊಂಡು ಬಂದು ಗೇಟಿನ ಹೊರಗೇ ನಿಂತುಬಿಟ್ಟ ಹುಡುಗರನ್ನು ನಾನು ಕಂಡಿದ್ದೇನೆ.

ಆದರೆ ಬಾಗಿಲ ಮೇಲಿನ ಬೋರ್ಡಿನ ಮೂಲ ಇದ್ಯಾವುದೂ ಅಲ್ಲ. ಅದು ಆಸ್ಪತ್ರೆ ಕೊಟ್ಟ ಒಂದು ಮಾತು.

1890ರ ದಶಕದಲ್ಲಿ ಮದರಾಸು ಪ್ರಾಂತ್ಯದ ತಿಂಡಿವನಂನಲ್ಲಿ ಮಿಷನರಿ ವೈದ್ಯರೊಬ್ಬರ ಮಗಳು ಐಡಾ ಸ್ಕಡರ್ ಇದ್ದ ಮನೆಗೆ ಒಂದೇ ರಾತ್ರಿ ಮೂವರು ಗಂಡಸರು ಬಂದರು. ಮೂವರ ಹೆಂಡಿರಿಗೂ ಕಷ್ಟದ ಹೆರಿಗೆ. ನಮ್ಮ ತಂದೆ ಡಾಕ್ಟರು, ಅವರು ಬರುತ್ತಾರೆ ಎಂದರೆ ಮೂವರೂ ಒಪ್ಪಲಿಲ್ಲ, ಪರಪುರುಷ ನಮ್ಮ ಹೆಂಗಸನ್ನು ಮುಟ್ಟುವುದುಂಟೆ ಎಂದು ಹಿಂತಿರುಗಿದರು. ಮೂವರು ಹೆಂಗಸರೂ ಉಳಿಯಲಿಲ್ಲ. ಐಡಾ ಅಮೆರಿಕಕ್ಕೆ ಹೋಗಿ ಡಾಕ್ಟರಾಗಿ ಬಂದು ವೆಲ್ಲೂರಿನ ಆಸ್ಪತ್ರೆ ಕಟ್ಟಿದ ಕಥೆ ನರ್ಸಿಂಗ್ ಓದಿದವರಿಗೆಲ್ಲ ಬಾಯಿಪಾಠ. ನನಗೆ ಅದರಲ್ಲಿ ಯಾವಾಗಲೂ ಕಾಡುವುದು ಆ ಮೂವರು ಗಂಡಂದಿರು. ಹೆಂಡತಿಗಾಗಿ ರಾತ್ರಿಯಲ್ಲಿ ನಡೆದು ಬಂದವರು ಅವರೇ, ಬಾಗಿಲಿನಿಂದ ಹಿಂತಿರುಗಿದವರೂ ಅವರೇ.

ಅದಕ್ಕೆ ಮೊದಲೇ, 1885ರಲ್ಲಿ, ವೈಸ್‌ರಾಯ್ ಡಫರಿನ್ ಅವರ ಪತ್ನಿ ಹೆಂಗಸರಿಗೆ ಹೆಂಗಸರಿಂದಲೇ ವೈದ್ಯ ಸಿಗುವಂತೆ ಒಂದು ನಿಧಿ ಶುರು ಮಾಡಿದ್ದರು. ಆಮೇಲೆ ದೇಶದುದ್ದಕ್ಕೂ ಜನಾನಾ ಆಸ್ಪತ್ರೆಗಳು ಎದ್ದವು. ಮೈಸೂರಿನಲ್ಲಿ 1906ರಲ್ಲಿ ವೆಸ್ಲಿಯನ್ ಮಿಷನ್ನಿನವರ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಬಂತು, ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಬೆಂಗಳೂರಿನಲ್ಲಿ ಕೋಟೆಯ ಹತ್ತಿರ 1935ರಲ್ಲಿ ವಾಣಿವಿಲಾಸ ಆಸ್ಪತ್ರೆ ಬಾಗಿಲು ತೆರೆಯಿತು. ಇಂಥ ಹೆಂಗಸರ ಆಸ್ಪತ್ರೆಗಳು ಮನೆಮನೆಯ ಹಿರಿಯರನ್ನು ಒಪ್ಪಿಸಿದ್ದು ಒಂದೇ ಭರವಸೆಯಿಂದ: ಒಳಗೆ ಪರಪುರುಷರ ನೆರಳೂ ಬೀಳುವುದಿಲ್ಲ, ಧೈರ್ಯವಾಗಿ ಕಳಿಸಿ. ಆ ಭರವಸೆ ಇಲ್ಲದಿದ್ದರೆ ಹೆಣ್ಣುಮಕ್ಕಳು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ಅದನ್ನು ನಾನು ತಪ್ಪು ಎನ್ನಲಾರೆ. ಒಬ್ಬಳ ಗಂಡ ಪಕ್ಕದ ಮಂಚದವಳಿಗೆ ಪರಪುರುಷನೇ ತಾನೆ! ಹಾಗಾಗಿ ಎಲ್ಲರ ಗಂಡಂದಿರೂ ಹೊರಗುಳಿದರು. ಕಾಲಕ್ರಮದಲ್ಲಿ ಗಂಡಸು ಡಾಕ್ಟರು ಒಳಗೆ ಬಂದ. ಗಂಡನಿಗೆ ಮಾತ್ರ ನಿಯಮ ಸಡಿಲವಾಗಲಿಲ್ಲ.

ಹಾಗೆಂದು ಆಸ್ಪತ್ರೆಗೆ ಅವನು ಬೇಡವಾಗಿದ್ದನೇ? ಅವನಿಲ್ಲದೆ ನಮ್ಮ ಕೆಲಸ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ವರಾಂಡಕ್ಕೆ ತಲೆ ಹಾಕಿ ಕೂಗುತ್ತಿದ್ದೆವು: ‘ಇವಳ ಗಂಡ ಎಲ್ರೀ? ಸಹಿ ಹಾಕ್ಬೇಕು.’ ಸಿಸೇರಿಯನ್ನಿಗೆ ಸಹಿ, ಆಪರೇಷನ್ನಿಗೆ ಸಹಿ. ಹಳ್ಳಿಯಲ್ಲಿ ಆಪರೇಷನ್ ಎಂದರೆ ಸಂತಾನಹರಣ ಚಿಕಿತ್ಸೆ ಒಂದೇ. ವಯಸ್ಸಿಗೆ ಬಂದ ಹೆಂಗಸಿನ ಸ್ವಂತ ಒಪ್ಪಿಗೆ ಸಾಕು ಎನ್ನುತ್ತದೆ ಕಾನೂನು. ವಾರ್ಡಿನ ರೂಢಿ ಮಾತ್ರ ಗಂಡನ ಹೆಬ್ಬೆಟ್ಟಿಲ್ಲದೆ ಅಲ್ಲಾಡುತ್ತಿರಲಿಲ್ಲ. ರಕ್ತ ಬೇಕೆಂದರೆ ಬಾಟಲಿ ತರಲು ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಓಡುವವನು ಅವನು. ಹೊರಗಿನ ಔಷಧಿ ಅಂಗಡಿಯ ಚೀಟಿ, ಫ್ಲಾಸ್ಕಿನಲ್ಲಿ ಕಾಫಿ, ಬ್ರೆಡ್ಡು, ಮಗುವನ್ನು ಸುತ್ತಲು ಹಳೆಯ ಪಂಚೆಯ ತುಂಡು, ಎಲ್ಲ ಅವನ ಪಾಲು. ನೆಲದ ಮೇಲೆ ಟವೆಲ್ ಹಾಸಿ ಮಲಗಿದವನು ಬಾಗಿಲು ಕಿರುಗುಟ್ಟಿದರೆ ಸಾಕು, ಎದ್ದು ಕೂರುತ್ತಿದ್ದ.

ಮಗು ತೋರಿಸುವ ಗಳಿಗೆಯಂತೂ ಬಾಗಿಲಲ್ಲಿ ನಡೆಯುವ ಒಂದು ವ್ಯಾಪಾರ. ಆಯಾ ಬಟ್ಟೆಯಲ್ಲಿ ಸುತ್ತಿ ತರುತ್ತಾಳೆ, ಅತ್ತೆಯೋ ಅಜ್ಜಿಯೋ ಮುಂದೆ ನುಗ್ಗಿ ಈಸಿಕೊಳ್ಳುತ್ತಾರೆ, ಅಪ್ಪ ಹಿಂದಿನಿಂದ ಕತ್ತು ಚಾಚಿ ನೋಡುತ್ತಾನೆ. ಖುಷಿ ದುಡ್ಡು ಕೊಡಬೇಕು. ಗಂಡಾದರೆ ಒಂದು ದರ, ಹೆಣ್ಣಾದರೆ ಅದರ ಅರ್ಧ. ಸರ್ಕಾರ ಎಷ್ಟು ಬೋರ್ಡು ಹಾಕಿದರೂ ಈ ದರಪಟ್ಟಿ ಮಾತ್ರ ಬಾಯಿಂದ ಬಾಯಿಗೆ ದಾಟಿಕೊಂಡೇ ಬಂತು.

2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ವಾರ್ಡಿನ ಚಹರೆಯೇ ಬದಲಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ 2005–06ರ ಹೊತ್ತಿಗೆ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 65 ಆಸ್ಪತ್ರೆಯಲ್ಲಾಗುತ್ತಿದ್ದವು. ಐದನೆಯ ಸಮೀಕ್ಷೆಯ ಹೊತ್ತಿಗೆ ಅದು 97. ನಮ್ಮ ಲೇಬರ್ ರೂಮಿನಲ್ಲಿ ಸಾಲಾಗಿ ಮೂರು ಟೇಬಲ್, ನಡುವೆ ಪರದೆ ಇಲ್ಲ, ಹೊರಗೆ ಬೆಂಚಿನ ಮೇಲೆ ಸರದಿ ಕಾಯುವವರು ಬೇರೆ. 108 ಆಂಬುಲೆನ್ಸ್ ಬಂತು, ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಹಿಡಿದು ಜೊತೆಗೇ ಬಂದಳು. ಗಾಡಿ ಕಟ್ಟುವ ಕೆಲಸವೂ ಗಂಡನ ಕೈತಪ್ಪಿತು. ಅವನು ಹಿಂದಿನಿಂದ ಬೈಕಿನಲ್ಲಿ ಬರುತ್ತಿದ್ದ.

2016ರಲ್ಲಿ ಕೇಂದ್ರ ಸರ್ಕಾರ, ಹೆರುವವಳ ಜೊತೆಗೆ ಒಬ್ಬರು ಇರಲಿ ಎಂದು ಸುತ್ತೋಲೆ ಕಳಿಸಿತು. ಇರಬೇಕಾದವಳು ಹೆರಿಗೆಯ ಅನುಭವವಿರುವ ಹೆಂಗಸು. ಲೇಬರ್ ರೂಮಿನಲ್ಲಿ ಮರೆ ಕಾಪಾಡುವ ವ್ಯವಸ್ಥೆ ಇದ್ದರೆ ಗಂಡನೂ ಇರಬಹುದು. ನನ್ನ ಪ್ರಕಾರ ಇಡೀ ಚರಿತ್ರೆ ಆ ‘ಇದ್ದರೆ’ಯಲ್ಲಿದೆ. ಮರು ವರ್ಷ ಬಂದ ‘ಲಕ್ಷ್ಯ’ ಕಾರ್ಯಕ್ರಮ ಟೇಬಲ್ಲುಗಳ ನಡುವೆ ಪರದೆ ಬೇಕೆಂದಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಜೊತೆಗಾರರು ಯಾರೆಂದು ಹೆರುವವಳೇ ಆರಿಸಿಕೊಳ್ಳಲಿ ಎಂದಿತು. ಪಕ್ಕದಲ್ಲಿ ತನ್ನವರೊಬ್ಬರು ಬಿಡದೆ ಇದ್ದರೆ ಬೇನೆಯ ಹೊತ್ತು ಕಡಿಮೆಯಾಗುತ್ತದೆ, ಸಿಸೇರಿಯನ್ನೂ ಕಡಿಮೆಯಾಗುತ್ತದೆ ಎಂಬುದು ನರ್ಸುಗಳಿಗೆ ಹೊಸ ಸುದ್ದಿಯೇನಲ್ಲ. ನಮಗೆ ಬೇಕಾಗಿದ್ದದ್ದು ಬಟ್ಟೆ, ಕಂಬಿ, ಮೊಳೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಒಂಟಿ ಕೋಣೆಗೆ ದುಡ್ಡು ಕಟ್ಟಿದವನು ಆಗಲೇ ಒಳಗೆ ನಿಂತು ಹೆಂಡತಿಯ ಬೆನ್ನು ನೀವುತ್ತಿದ್ದ. ಸಂಸ್ಕೃತಿ ಅವನಿಗೆ ಅಡ್ಡ ಬಂದಿರಲಿಲ್ಲ.

ಅಮೆರಿಕದಲ್ಲಿರುವ ನಮ್ಮ ಹುಡುಗರ ಕಥೆ ಕೇಳಿದರೆ ನಗು ಬರುತ್ತದೆ. ಅಲ್ಲಿ ತವರೇ ವಿಮಾನ ಹತ್ತಿ ಅವರ ಮನೆಗೆ ಹೋಗುತ್ತದೆ. ಅತ್ತೆ ಮನೆಯಲ್ಲಿ ಮೆಣಸಿನ ಸಾರು ಕುದಿಸುತ್ತಿರುವಾಗ ಅಳಿಯ ಆಸ್ಪತ್ರೆಯಲ್ಲಿ ಕತ್ತರಿ ಹಿಡಿದು ಹೊಕ್ಕುಳಬಳ್ಳಿ ಕತ್ತರಿಸುತ್ತಾನೆ. ಆ ದೇಶದಲ್ಲೂ ಎರಡು ತಲೆಮಾರಿನ ಹಿಂದೆ ಅಪ್ಪಂದಿರು ಕಾಯುವ ಕೋಣೆಯಲ್ಲಿ ಸಿಗರೇಟು ಸೇದುತ್ತ ಕೂತವರೇ. 1960, 70ರ ದಶಕಗಳಲ್ಲಿ ಹೆಂಗಸರು ಹಟ ಹಿಡಿದು ಅವರನ್ನು ಒಳಗೆ ಕರೆಸಿಕೊಂಡರು.

ರಜೆಯದು ಚಿಕ್ಕ ಕಥೆ. ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಹೆಂಡತಿ ತವರಿನಲ್ಲಿದ್ದರೆ ಅದನ್ನು ಏನು ಮಾಡುವುದೆಂದು ತಿಳಿಯದೆ ಮನೆಗೆ ಬಣ್ಣ ಹೊಡೆಸಿದವರೂ ಇದ್ದಾರೆ. ಕೂಲಿಯವನಿಗೆ ಒಂದು ದಿನವೂ ಇಲ್ಲ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಬಂದದ್ದು ಕಾಂಗರೂ ಆರೈಕೆ. ತೂಕ ಕಡಿಮೆಯಿರುವ ಮಗುವನ್ನು ಬರಿಯ ಎದೆಗೆ ಅವುಚಿಕೊಂಡು ಕೂರುವುದು. 1978ರ ಸುಮಾರಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾಕ್ಟರ್ ಎಡ್ಗರ್ ರೇ ಸನಾಬ್ರಿಯಾ ಕಂಡುಕೊಂಡ ಉಪಾಯ. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿ ಅದನ್ನು ಸರ್ಕಾರಿ ಆಸ್ಪತ್ರೆಗಳಿಗೆಲ್ಲ ಹಬ್ಬಿಸುವ ದೊಡ್ಡ ಕೆಲಸ ನಡೆಯಿತು. ತಾಯಿಗೆ ಸುಸ್ತಾದರೆ ಅಪ್ಪನೂ ಕೂರಬಹುದು ಎಂದು ಮಾರ್ಗಸೂಚಿಯಲ್ಲೇ ಇದೆ. ಮೊದಲ ಸಲ ಒಬ್ಬ ಹುಡುಗನಿಗೆ ಅಂಗಿ ಬಿಚ್ಚಿ ಕೂರು ಎಂದಾಗ ಅವನು ನಾಚಿ ಗೋಡೆ ಕಡೆ ತಿರುಗಿದ. ಅವನ ಅತ್ತೆ ಬಾಯಿಗೆ ಸೆರಗು ಹಿಡಿದು ಕೇಳಿದರು: ‘ಅಲ್ಲ ಸಿಸ್ಟರೇ, ಗಂಡಸಿನ ಎದೇಲಿ ಮಗೀಗೆ ಏನೈತೆ?’

‘ಬಿಸಿ ಐತಲ್ಲಮ್ಮ’ ಅಂದೆ.

ಮಗು ಅವನೆದೆಯ ಮೇಲೆ ಒಳ್ಳೆಯ ನಿದ್ದೆ ಮಾಡಿತು. ಮಾರನೆಯ ದಿನ ಆ ಕುರ್ಚಿಯಲ್ಲಿ ಅತ್ತೆಯೇ ಕೂತಿದ್ದರು. ಅಡಿಕೆ ಕೊಯ್ಲಿನ ಕಾಲ, ಒಂದು ದಿನ ತಪ್ಪಿಸಿದರೆ ಮೇಸ್ತ್ರಿ ಬೇರೆಯವನನ್ನು ಹಚ್ಚಿಕೊಳ್ಳುತ್ತಾನೆ ಅಂದರು. ಅವನು ಕೆಲಸ ಮುಗಿಸಿ ಸಂಜೆ ಏಳರ ಮೇಲೆ ಬರುತ್ತಿದ್ದ. ನಮ್ಮ ಭೇಟಿಯ ಸಮಯ ಆರಕ್ಕೆ ಮುಗಿಯುತ್ತಿತ್ತು.