ಮೀನು, ನೆಲ, ನೆರಳು: ಗತಿಸ್ಥಿತಿ ದೃಷ್ಟಾಂತಗಳ ಪರಂಪರೆ

ಜೈನದರ್ಶನದಲ್ಲಿ ಧರ್ಮ, ಅಧರ್ಮ ಎಂಬ ಶಬ್ದಗಳು ಗತಿಗೂ ಸ್ಥಿತಿಗೂ ನಿಮಿತ್ತವಾದ ಎರಡು ಅಮೂರ್ತದ್ರವ್ಯಗಳನ್ನು ಸೂಚಿಸುತ್ತವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಇವು ಇಂದ್ರಿಯಗೋಚರವಲ್ಲದ ಕಾರಣ ಆಚಾರ್ಯರು ಲೋಕಪ್ರಸಿದ್ಧವಾದ ದೃಷ್ಟಾಂತಗಳನ್ನು ಆಶ್ರಯಿಸಿದರು. ಈ ದೃಷ್ಟಾಂತಗಳು ಎಲ್ಲ ಗ್ರಂಥಗಳಲ್ಲಿಯೂ ಒಂದೇ ಎಂದು ಭಾವಿಸುವುದು ರೂಢಿ. ಗ್ರಂಥಗಳನ್ನು ಅಕ್ಕಪಕ್ಕದಲ್ಲಿರಿಸಿ ನೋಡಿದರೆ ಹಾಗಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಕುಂದಕುಂದಾಚಾರ್ಯರ ಪಂಚಾಸ್ತಿಕಾಯದಲ್ಲಿ ಧರ್ಮದ್ರವ್ಯಕ್ಕೆ ಮೀನಿಗೆ ನೀರು ಉಪಮೆಯಾಗಿದೆ. ಅಧರ್ಮದ್ರವ್ಯಕ್ಕೆ ಪೃಥಿವಿ ಉಪಮೆಯಾಗಿದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನೇ ಅನುಸರಿಸಿ, ಕುದುರೆ ಮೊದಲಾದವು ನಿಲ್ಲುವಲ್ಲಿ ನೆಲವು ಹೇಗೋ ಹಾಗೆ ಅಧರ್ಮದ್ರವ್ಯವೆಂದರು. ನೇಮಿಚಂದ್ರರ ದ್ರವ್ಯಸಂಗ್ರಹಕ್ಕೆ ಬಂದಾಗ ಮೀನೂ ನೀರೂ ಉಳಿದಿವೆ. ನೆಲದ ಸ್ಥಾನದಲ್ಲಿ ಪಥಿಕನಿಗೆ ದೊರೆಯುವ ನೆರಳು ಬಂದಿದೆ.

ಈ ವ್ಯತ್ಯಾಸವು ಕೇವಲ ಅಲಂಕಾರವಲ್ಲ. ನೆಲವು ನಿಂತವನಿಗೆ ಆಧಾರವಾಗುವಂತೆ ನಡೆಯುವವನಿಗೂ ಆಧಾರವಾಗುತ್ತದೆ; ಆದುದರಿಂದ ಗತಿಸ್ಥಿತಿಗಳ ಭೇದವು ಅದರಲ್ಲಿ ಸ್ಫುಟವಾಗದು. ನೆರಳಾದರೋ ದಾರಿಗನು ನಿಂತಾಗ ಮಾತ್ರ ವಿಶ್ರಾಂತಿಗೆ ನೆರವಾಗುತ್ತದೆ. ಮುಂದೆ ಸಾಗುವವನನ್ನು ತಡೆದು ನಿಲ್ಲಿಸುವುದಿಲ್ಲ. ನೀರೂ ಹಾಗೆಯೇ, ಸುಮ್ಮನಿರುವ ಮೀನನ್ನು ಒಯ್ಯುವುದಿಲ್ಲ. ದ್ರವ್ಯಸಂಗ್ರಹದ ಎರಡು ಗಾಥೆಗಳೂ ಈ ನಿಷೇಧವನ್ನು ಕಂಠೋಕ್ತವಾಗಿ ಹೇಳುತ್ತವೆ. ಉದಾಸೀನನಿಮಿತ್ತತ್ವವನ್ನು ಬೋಧಿಸಲು ನೆರಳೇ ಹೆಚ್ಚು ಸಮರ್ಥವೆಂದು ತೋರುತ್ತದೆ.

ಆದರೆ ಪ್ರಾಚೀನವಾದ ನೆಲದ ಉಪಮೆಯನ್ನು ದುರ್ಬಲವೆಂದು ತಳ್ಳಲಾಗದು. ನೀರು, ನೆಲಗಳೇ ಆ ಕಾರ್ಯಕ್ಕೆ ಸಾಕಾಗಿರುವಾಗ ಧರ್ಮಾಧರ್ಮಗಳೇಕೆ ಎಂಬ ಪೂರ್ವಪಕ್ಷವನ್ನು ಪೂಜ್ಯಪಾದರೇ ಎತ್ತಿ, ಇವು ಸಮಸ್ತ ಗತಿಸ್ಥಿತಿಗಳಿಗೆ ಸಾಧಾರಣವಾದ ಆಶ್ರಯಗಳೆಂದು ಸಮಾಧಾನ ಹೇಳಿದ್ದಾರೆ. ಸಮಬಲವಾದ ಎರಡು ದ್ರವ್ಯಗಳು ಪರಸ್ಪರ ಪ್ರತಿಬಂಧಿಸಲಾರವೇ ಎಂಬ ಶಂಕೆಗೆ, ಇವು ಪ್ರೇರಕಗಳಲ್ಲವೆಂಬುದೇ ಉತ್ತರ. ನೆರಳಿನ ಉಪಮೆಯು ಹೊರಗೆಡಹುವ ಅರ್ಥವು ನೆಲದ ಉಪಮೆಯ ವ್ಯಾಖ್ಯಾನದಲ್ಲಿ ಮೊದಲೇ ಅಡಕವಾಗಿದ್ದಿತು.

ವ್ಯಾಪ್ತಿಯ ವಿಚಾರದಲ್ಲಿಯೂ ಇಂತಹುದೇ ವಿವೇಚನೆಯುಂಟು. ಮನೆಯೊಳಗೆ ಗಡಿಗೆಯಿರುವಂತೆ ಧರ್ಮಾಧರ್ಮಗಳು ಲೋಕಾಕಾಶದ ಒಂದೆಡೆ ಇರುವುದಿಲ್ಲ. ಎಳ್ಳಿನಲ್ಲಿ ಎಣ್ಣೆಯಂತೆ ಸರ್ವತ್ರ ವ್ಯಾಪಿಸಿರುತ್ತವೆ ಎಂಬುದು ಸರ್ವಾರ್ಥಸಿದ್ಧಿಯ ನಿರೂಪಣೆ. ಆಕಾಶದ ಉಪಕಾರವು ಅವಗಾಹನ ಮಾತ್ರ. ಗತಿಸ್ಥಿತಿಗಳನ್ನೂ ಆಕಾಶಕ್ಕೇ ಆರೋಪಿಸಿದರೆ ಲೋಕಾಲೋಕವಿಭಾಗವೇ ಲೋಪವಾಗುತ್ತದೆ. ತತ್ತ್ವಾರ್ಥಸೂತ್ರದ ದಿಗಂಬರ ಪಾಠವು ಮುಕ್ತಜೀವದ ಊರ್ಧ್ವಗತಿಗೆ ಕುಂಬಾರನ ಚಕ್ರ, ಮಣ್ಣಿನ ಲೇಪ ಕಳೆದ ಸೋರೆಬುರುಡೆ, ಹರಳುಬೀಜ, ಅಗ್ನಿಶಿಖೆ ಇವನ್ನು ಹೇಳಿ, ಲೋಕಾಂತದಿಂದಾಚೆಗೆ ಧರ್ಮಾಸ್ತಿಕಾಯವಿಲ್ಲದುದರಿಂದ ಗತಿಯಿಲ್ಲವೆನ್ನುತ್ತದೆ. ಮೀನಿನ ದೃಷ್ಟಾಂತವನ್ನು ತಪ್ಪಾಗಿ ಗ್ರಹಿಸಿದರೆ ಸಿದ್ಧಲೋಕದ ನಿರೂಪಣೆಯೂ ಸಡಿಲಗೊಳ್ಳುವುದು.

ಇಪ್ಪತ್ತನೆಯ ಶತಮಾನದಲ್ಲಿ ಕೆಲವು ಲೇಖಕರು ಧರ್ಮದ್ರವ್ಯವನ್ನು ಭೌತವಿಜ್ಞಾನದ ಈಥರ್‌ನೊಡನೆ ಸಮೀಕರಿಸಿದರು. ಆ ಈಥರ್ ಬೆಳಕಿನ ತರಂಗಗಳಿಗೆ ಮಾಧ್ಯಮವೆಂದು ಕಲ್ಪಿತವಾದುದು. 1887ರ ಮೈಕೆಲ್ಸನ್ ಮತ್ತು ಮೋರ್ಲಿಯವರ ಪ್ರಯೋಗದಲ್ಲಿ ನಿರೀಕ್ಷಿತ ಪರಿಣಾಮ ಕಾಣಲಿಲ್ಲ. 1905ರಲ್ಲಿ ಐನ್‌ಸ್ಟೈನರು ಅದು ಅನಾವಶ್ಯಕವೆಂದರು. ಅಳಿದ ಊಹೆಗೆ ಆಗಮವನ್ನು ಕಟ್ಟುವುದು ಆಗಮಕ್ಕೆ ಗೌರವವಲ್ಲ. ದೃಷ್ಟಾಂತವು ಒಂದಂಶದಲ್ಲಿ ಸಾಮ್ಯವನ್ನು ತೋರುತ್ತದೆಯೇ ಹೊರತು ಸರ್ವಾಂಶದಲ್ಲಿ ಅಲ್ಲ.

ಸಂಪಾದಕರಿಗೂ ಇಲ್ಲಿ ಎಚ್ಚರಿಕೆಯುಂಟು. ಪಂಚಾಸ್ತಿಕಾಯದ ಅಥವಾ ಅದರ ಟೀಕೆಗಳ ಓಲೆಪ್ರತಿಯಲ್ಲಿ ನೆಲವಿರುವೆಡೆ, ಬಾಯಿಪಾಠದ ಬಲದಿಂದ ನೆರಳನ್ನು ಸೇರಿಸಿ ತಿದ್ದಬಾರದು. ಹಾಗೆಯೇ ನೆರಳಿನ ಪಾಠವು ಎಲ್ಲಿಯಾದರೂ ಅನಿರೀಕ್ಷಿತವಾಗಿ ಕಂಡರೆ, ಅದು ದ್ರವ್ಯಸಂಗ್ರಹದ ಪ್ರಭಾವವೇ ಎಂದು ಮೊದಲು ಪರೀಕ್ಷಿಸತಕ್ಕದ್ದು. ಒಂದು ಉಪಮೆಯ ಬದಲಾವಣೆಯಲ್ಲಿ ಒಂದು ಬೋಧನಕ್ರಮದ ಇತಿಹಾಸವೇ ಅಡಗಿದೆ. ಪಾಠವನ್ನು ಏಕರೂಪಗೊಳಿಸಿದರೆ ಆ ಇತಿಹಾಸವು ಅಳಿಸಿಹೋಗುತ್ತದೆ.