ಓದು, ಚಳವಳಿ ಮತ್ತು ಬುದ್ಧನ ದಾರಿ

ಹುನಗುಂದ ಸೀಮೆಯ ಮರೋಳದಿಂದ ಐಹೊಳೆ ದೂರವೇನಲ್ಲ. ಅಲ್ಲಿಯ ಮೇಗುತಿ ಗುಡ್ಡವನ್ನು ನಾವು ಹತ್ತುವುದು ನೆತ್ತಿಯ ಮೇಲಿನ ಜೈನ ಬಸದಿಯನ್ನೂ ರವಿಕೀರ್ತಿಯ ಕ್ರಿ.ಶ. 634ರ ಶಾಸನವನ್ನೂ ನೋಡಲಿಕ್ಕೆ. ದಾರಿಯಲ್ಲಿ ಅರ್ಧ ಬಂಡೆ ಕೊರೆದು, ಅರ್ಧ ಕಲ್ಲಿನಿಂದ ಕಟ್ಟಿದ ಎರಡಂತಸ್ತಿನ ಬೌದ್ಧ ಚೈತ್ಯವೊಂದಿದೆ. ಅನೇಕರು ಅದನ್ನು ದಾಟಿ ಮುಂದೆ ಹೋಗಿಬಿಡುತ್ತೇವೆ.

ಈ ನೆಲಕ್ಕೆ ಓದೂ ಹೊಸದಲ್ಲ, ಧರ್ಮಸಾಧನೆಯೂ ಹೊಸದಲ್ಲ. ಮರೋಳದ 11ನೆಯ ಶತಮಾನದ ಶಾಸನ ಅನಂತವೀರ್ಯನೆಂಬ ಜೈನ ಮುನಿಯ ಪಾಂಡಿತ್ಯವನ್ನು ಕೊಂಡಾಡುತ್ತದೆ. ಬಾದಾಮಿಯ ಪುಲಕೇಶಿಯ ನಾಡಿಗೆ ಬಂದ ಚೀನಾದ ಭಿಕ್ಷು ಹ್ಯೂಯೆನ್ ತ್ಸಾಂಗ್, ಇಲ್ಲಿ ನೂರಕ್ಕೂ ಹೆಚ್ಚು ವಿಹಾರಗಳೂ ಸುಮಾರು 5000 ಭಿಕ್ಷುಗಳೂ ಇದ್ದರೆಂದು ಬರೆದಿಟ್ಟಿದ್ದಾನೆ.

ಇದನ್ನೆಲ್ಲ ಈಗ ನೆನೆಯಲು ಕಾರಣವಿದೆ. ಬಾಗಲಕೋಟೆ, ಇಳಕಲ್ಲಿನ ಕಾಲೇಜುಗಳಲ್ಲಿ ಮನೆತನದಲ್ಲೇ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದ ಮಕ್ಕಳಿದ್ದಾರೆ. ಮನೆಯವರು ನೌಕರಿಯ ದಾರಿ ನೋಡುತ್ತಾರೆ. ಗೆಳೆಯರು ಧರಣಿಗೆ, ಚುನಾವಣೆಯ ಪ್ರಚಾರಕ್ಕೆ ಕರೆಯುತ್ತಾರೆ. ಅಂಬೇಡ್ಕರರನ್ನು ಓದಿದವರನ್ನು ಬುದ್ಧನೂ ಕರೆಯುತ್ತಾನೆ. ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು?

ಈ ತೂಗಾಟ ಅಂಬೇಡ್ಕರರ ಬದುಕಿನಲ್ಲೇ ಇತ್ತು. 1907ರಲ್ಲಿ ಅವರು ಮೆಟ್ರಿಕ್ ಪಾಸಾದಾಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಹಿರಿಯರು ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕಾಣಿಕೆ ಕೊಟ್ಟರು. ಮನಸ್ಸಿನಲ್ಲಿ ಬೀಜ ಬಿತ್ತು. ಆದರೆ ಹುಡುಗ ಓದು ಬಿಡಲಿಲ್ಲ. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿದ್ದ ಲಾಲಾ ಲಜಪತರಾಯರು ಅವರನ್ನು ರಾಜಕೀಯಕ್ಕೆ ಕರೆದರು. ಓದಲೆಂದು ಬಂದವನು, ಕೊಟ್ಟ ಮಾತಿಗೆ ತಪ್ಪಲಾರೆ ಎಂದು ಅಂಬೇಡ್ಕರರು ಒಪ್ಪಲಿಲ್ಲವೆಂದು ಅವರ ಚರಿತ್ರೆಕಾರ ಧನಂಜಯ ಕೀರ್ ಹೇಳುತ್ತಾರೆ.

ಹಾಗೆಂದು ಅವರು ಪುಸ್ತಕದ ಹುಳುವಾಗಿ ಉಳಿದರೇ? ಇಲ್ಲ. ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಮುಂಬಯಿಯಲ್ಲಿ ಪ್ರಾಧ್ಯಾಪಕರಾಗಿ ದುಡಿದು ಹಣ ಕೂಡಿಟ್ಟರು. 1920ರ ಜನವರಿಯಲ್ಲಿ ‘ಮೂಕನಾಯಕ’ ಪತ್ರಿಕೆ ಶುರುಮಾಡಿದರು. ಮಾರ್ಚಿನಲ್ಲಿ ಕೊಲ್ಹಾಪುರ ಸಂಸ್ಥಾನದ ಮಾಣಗಾಂವ ಪರಿಷತ್ತಿನ ಅಧ್ಯಕ್ಷರಾದರು. ಶಾಹು ಮಹಾರಾಜರೇ ಅಲ್ಲಿ ಅವರನ್ನು ನಾಯಕನೆಂದು ಹೊಗಳಿದರು. ಇಷ್ಟಾದ ಮೇಲೆ ಯಾರಾದರೂ ಅಲ್ಲೇ ನಿಂತುಬಿಡುತ್ತಿದ್ದರು. ಅವರು ಮಾತ್ರ ಅದೇ ವರ್ಷದ ಜುಲೈನಲ್ಲಿ ಮತ್ತೆ ಹಡಗು ಹತ್ತಿದರು. ಡಿ.ಎಸ್ಸಿ. ಮತ್ತು ಬ್ಯಾರಿಸ್ಟರ್ ಪದವಿಗಳೊಂದಿಗೆ ತಿರುಗಿ ಬಂದದ್ದು 1923ರಲ್ಲಿ.

ಆ ವಿದ್ಯೆ ಮನೆಯ ಗೋಡೆಗೆ ತೂಗುಹಾಕುವ ಪದವಿಪತ್ರವಾಗಲಿಲ್ಲ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಹುಟ್ಟಿತು. 1925ರಲ್ಲಿ ನಮ್ಮ ನೆರೆಯ ಸೊಲ್ಲಾಪುರದಲ್ಲಿ ಅದರ ವಿದ್ಯಾರ್ಥಿನಿಲಯ ತೆರೆಯಿತು. ಅದೇ ವರ್ಷ ನಿಪ್ಪಾಣಿಯಲ್ಲಿ ಪರಿಷತ್ತು ನಡೆಯಿತು. ಆಗ ವಿಜಾಪುರ, ಬಾಗಲಕೋಟೆಗಳೂ ಮುಂಬಯಿ ಪ್ರಾಂತದಲ್ಲೇ ಇದ್ದವು. ಹೀಗೆ ಈ ಮಾತು ದೂರದ ಊರಿನದಲ್ಲ, ನಮ್ಮ ಸೀಮೆಯ ಅಂಚಿನದೇ. ಚಳವಳಿಯ ಆ ದಿನಗಳಲ್ಲಿಯೂ ಅವರು ಬಡಮಕ್ಕಳಿಗೆ ಮೊದಲು ಮಾಡಿದ್ದು ಉಣ್ಣಲು, ಓದಲು ಒಂದು ಜಾಗ ಎಂಬುದನ್ನು ಮರೆಯಬಾರದು.

ಮುಂದೆ ಕಾಲೇಜು ಕಟ್ಟಿದಾಗ ಇಟ್ಟ ಹೆಸರುಗಳನ್ನು ನೋಡಿ. 1946ರಲ್ಲಿ ಮುಂಬಯಿಯದಕ್ಕೆ ಸಿದ್ಧಾರ್ಥ. ಔರಂಗಾಬಾದಿನದಕ್ಕೆ ಮಿಲಿಂದ. ಮಿಲಿಂದನೆಂದರೆ ನಾಗಸೇನ ಭಿಕ್ಷುವಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ ಯವನ ಅರಸು. ಪ್ರಶ್ನೆ ಕೇಳುವವನ ಹೆಸರನ್ನು ಕಾಲೇಜಿಗೆ ಇಟ್ಟದ್ದರಲ್ಲೇ ಅವರ ಧರ್ಮವೂ ವಿದ್ಯೆಯೂ ಒಂದಾಗಿವೆ.

ಇನ್ನು ಸಾಧನೆಯ ಮಾತು. ಕಣ್ಣು ಮುಚ್ಚಿ ಕೂತವನಿಗೆ ಲೋಕದ ಗೊಡವೆ ಏಕೆ ಎನ್ನುವವರಿದ್ದಾರೆ. ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದ ಪೀಠಿಕೆಯಲ್ಲಿ ಅಂಬೇಡ್ಕರರು ಇದನ್ನೇ ಎತ್ತುತ್ತಾರೆ. ಭಿಕ್ಷು ತನ್ನ ಪರಿಪೂರ್ಣತೆಗಾಗಿ ಬದುಕುವವನೋ, ಜನಸೇವಕನೋ? ಬರೀ ತನ್ನನ್ನು ತಿದ್ದಿಕೊಳ್ಳುವವನಾದರೆ ಅವನಿಂದ ಜಗತ್ತಿಗೆ ಏನು ಪ್ರಯೋಜನ ಎಂಬುದು ಅವರ ಮಾತಿನ ಸಾರ. ಇತ್ತ ಹ್ಯೂಯೆನ್ ತ್ಸಾಂಗನ ಬದುಕು ಇನ್ನೊಂದು ಬದಿಯನ್ನು ತೋರಿಸುತ್ತದೆ. 645ರಲ್ಲಿ ಸ್ವದೇಶಕ್ಕೆ ಮರಳಿದಾಗ ಚಕ್ರವರ್ತಿಯು ಕಾವಿ ಬಿಟ್ಟು ರಾಜಕಾರ್ಯಕ್ಕೆ ಬಾ ಎಂದ. ಭಿಕ್ಷು ಒಲ್ಲೆನೆಂದು, ಹೊತ್ತು ತಂದ 657 ಗ್ರಂಥಗಳ ಅನುವಾದಕ್ಕೆ ಕೂತ. 664ರಲ್ಲಿ ಸಾಯುವತನಕ ಅದೇ ಅವನ ಸೇವೆಯಾಯಿತು.

ಇಬ್ಬರ ದಾರಿ ಬೇರೆ. ಆದರೆ ಇಬ್ಬರೂ ಇನ್ನೊಬ್ಬರ ಅವಸರಕ್ಕೆ ತಮ್ಮ ಓದನ್ನು ಒಪ್ಪಿಸಲಿಲ್ಲ. ಪಕ್ಷಗಳಿಗೆ ಬಾವುಟ ಹಿಡಿಯುವ ಕೈಗಳು ಬೇಕು. ಆ ಕೈ ಪರೀಕ್ಷೆಯಲ್ಲಿ ಏನು ಬರೆಯಿತೆಂದು ಅವು ಕೇಳುವುದಿಲ್ಲ. ಬಡವರ ಮಗ, ಬಡವರ ಮಗಳು ಒಮ್ಮೆ ಕಾಲೇಜು ಬಿಟ್ಟರೆ ತಿರುಗಿ ಬರುವ ಬಾಗಿಲು ಕಿರಿದು. ಹಾಗೆಂದು ಊರಿನ ಅನ್ಯಾಯಕ್ಕೆ ಬೆನ್ನು ತಿರುಗಿಸಿ ಓದಿದ ಓದೂ ಬಂಜೆಯೇ. ರಜೆಯಲ್ಲಿ ನಾಲ್ಕು ಮಕ್ಕಳಿಗೆ ಪಾಠ ಹೇಳುವುದು, ಓದುಬರಹ ಬಾರದವರ ಅರ್ಜಿ ಬರೆದುಕೊಡುವುದು, ದಿನಕ್ಕೊಂದಿಷ್ಟು ಹೊತ್ತು ಸುಮ್ಮನೆ ಕೂತು ತನ್ನ ಸಿಟ್ಟನ್ನು ತಾನೇ ನೋಡಿಕೊಳ್ಳುವುದು ಇವಕ್ಕೆ ಕಾಲೇಜು ಬಿಡಬೇಕಾಗಿಲ್ಲ.

ಅಂಬೇಡ್ಕರರ ಕೈಗೆ ಬುದ್ಧನ ಪುಸ್ತಕ ಬಂದದ್ದು 1907ರಲ್ಲಿ. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ 49 ವರ್ಷ. ಅವರೇ ಅಷ್ಟು ಕಾಲ ತೂಗಿ ನೋಡಿದ ಮೇಲೆ, ಇಪ್ಪತ್ತರ ಹರೆಯದವರು ಒಂದೇ ವರ್ಷದಲ್ಲಿ ಎಲ್ಲವನ್ನೂ ತೀರ್ಮಾನಿಸಬೇಕೆಂದು ನಾವು ಒತ್ತಾಯ ಮಾಡುವುದು ಸರಿಯೇ?