ಅಳಿಸಿಹೋದ ಎರಡನೇ ಮನೆ

ಹಳೆಯ ಯಂತ್ರನಕ್ಷೆ ಕೈಗೆ ಸಿಕ್ಕರೆ ಬಲಗಡೆಯ ಕೆಳಮೂಲೆ ನೋಡಿ. ಡ್ರಾನ್, ಟ್ರೇಸ್ಡ್, ಚೆಕ್ಡ್, ಅಪ್ರೂವ್ಡ್ ಅಂತ ಸಹಿಗೆ ನಾಲ್ಕು ಮನೆ ಇರುತ್ತವೆ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಪೀಣ್ಯದ ಡ್ರಾಯಿಂಗ್ ಆಫೀಸೊಂದರಲ್ಲಿ ನಾನು ಸಹಿ ಹಾಕುತ್ತಿದ್ದದ್ದು ಎರಡನೆಯದಕ್ಕೆ. ಪೆನ್ಸಿಲ್ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಇಂಡಿಯನ್ ಇಂಕಿನಲ್ಲಿ ತಿದ್ದುವ ಕೆಲಸ. ಹೊರಗೆರೆಗೆ ದಪ್ಪ ನಿಬ್ಬು, ಅಳತೆಗೆರೆಗೆ ಸಣ್ಣದು. ಗೆರೆ ತಪ್ಪಿದರೆ ಬ್ಲೇಡಿನಿಂದ ಮೆಲ್ಲಗೆ ಕೆರೆದು, ಆ ಜಾಗವನ್ನು ಉಗುರಿನಿಂದ ಉಜ್ಜಿ ನುಣುಪು ಮಾಡಬೇಕು. ಇಲ್ಲದಿದ್ದರೆ ಮತ್ತೆ ಎಳೆದ ಮಸಿ ಹರಡುತ್ತದೆ. ಆ ಹಾಳೆಯಿಂದ ತೆಗೆಯುವ ಅಮೋನಿಯಾ ಪ್ರಿಂಟಿನ ಘಾಟು ಮನೆವರೆಗೂ ಬರುತ್ತಿತ್ತು.

ಟ್ರೇಸಿಂಗನ್ನು ಬರೀ ನಕಲು ಅನ್ನುವವರಿದ್ದರು. ನಾನು ಒಪ್ಪುವುದಿಲ್ಲ. ಶಾಫ್ಟುಗಳನ್ನು ತಿದ್ದುತ್ತ ತಿದ್ದುತ್ತಲೇ, ದಪ್ಪ ಬದಲಾಗುವ ಮೆಟ್ಟಿಲಿನ ಮೂಲೆಗೆ ರೇಡಿಯಸ್ ಕೊಡದಿದ್ದರೆ ಅಲ್ಲೇ ಬಿರುಕು ಶುರುವಾಗುತ್ತದೆ, ಟೂಲ್ ಹೊರಬರಲು ಜಾಗ ಬಿಡಬೇಕು ಎಂಬುದೆಲ್ಲ ಕೈಗೆ ಹತ್ತಿತು. ನಮ್ಮಲ್ಲಿ ಚೆಕರ್ ಆದವರೆಲ್ಲ ಆ ಮೇಜಿನಿಂದಲೇ ಎದ್ದುಬಂದವರು.

ಪರದೆಯ ಮೇಲೆ ಗೆರೆ ಎಳೆಯುವ ಸ್ಕೆಚ್‌ಪ್ಯಾಡನ್ನು ಐವಾನ್ ಸದರ್‌ಲ್ಯಾಂಡ್ ಎಂಐಟಿಯಲ್ಲಿ 1963ಕ್ಕೇ ತೋರಿಸಿದ್ದರು. ಮಾಮೂಲಿ ಪಿಸಿಗೆ ಆಟೋಕ್ಯಾಡ್ ಬಂದದ್ದು 1982ರ ಕೊನೆಯಲ್ಲಿ. 1985ರಲ್ಲಿ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಚಿಪ್ ವಿನ್ಯಾಸದ ತಂತ್ರಾಂಶ ಈ ಊರಲ್ಲೇ ತಯಾರಾಗತೊಡಗಿತು. ಆದರೂ ಪೀಣ್ಯದ ನಮ್ಮ ಆಫೀಸಿಗೆ ಕಂಪ್ಯೂಟರ್ ಬಂದಾಗ ತೊಂಬತ್ತರ ದಶಕ. ನಕ್ಷೆಯನ್ನು ತಾನೇ ಗೀಚುವ ಪ್ಲಾಟರ್ ಬಂದಮೇಲೆ ಟ್ರೇಸರ್ ಯಾಕೆ? ಎರಡನೇ ಮನೆ ನಕ್ಷೆಯಿಂದಲೇ ಹೋಯಿತು.

ನಕ್ಷೆ ಬಿಡಿಸುವ ಈ ಕ್ಯಾಡ್ ತಂತ್ರಾಂಶದ ವ್ಯಾಪಾರ ಬೆಳೆದದ್ದು ಕುರ್ಚಿ ಲೆಕ್ಕದಲ್ಲಿ: ಕೂತವರು ಎಷ್ಟೋ ಲೈಸೆನ್ಸ್ ಅಷ್ಟು. 2016ರಲ್ಲಿ ಆಟೋಕ್ಯಾಡ್ ಮಾರುವ ಆಟೋಡೆಸ್ಕ್ ಹೊಸ ಶಾಶ್ವತ ಲೈಸೆನ್ಸ್ ಮಾರುವುದನ್ನೇ ನಿಲ್ಲಿಸಿ ಚಂದಾಕ್ಕೆ ತಿರುಗಿತು. ಆಗಲೂ ಎಣಿಸುತ್ತಿದ್ದದ್ದು ತಲೆಗಳನ್ನೇ. ಹತ್ತು ಮಂದಿಯ ನಕ್ಷೆ ಕೆಲಸವನ್ನು ಎಐ ಹಿಡಿದು ಮೂವರು ಮುಗಿಸುವ ಕಾಲ ಬಂದರೆ ಈ ಎಣಿಕೆ ನಡೆಯುವುದಿಲ್ಲ. ಮಾಡಿಸಿದ ಲೆಕ್ಕಕ್ಕೆ, ಓಡಿಸಿದ ಪರೀಕ್ಷೆಗೆ ದುಡ್ಡು ಕೇಳಬೇಕಾಗುತ್ತದೆ.

ಹಾಗಂತ ಈ ಕಂಪನಿಗಳ ಕಥೆ ಮುಗಿಯಿತು ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಎರಡು ಮೈಗಳು ಸೇರುವ ಅಂಚನ್ನು ಕರಾರುವಾಕ್ಕಾಗಿ ಲೆಕ್ಕ ಹಾಕುವುದು ಪ್ಯಾರಾಸಾಲಿಡ್‌ನಂಥ ಜ್ಯಾಮಿತಿ ಎಂಜಿನ್ನು. ಸೀಮೆನ್ಸ್ ಕೈಯಲ್ಲಿರುವ ಅದನ್ನು ಪ್ರತಿಸ್ಪರ್ಧಿ ಸಾಲಿಡ್‌ವರ್ಕ್ಸ್ ಕೂಡ ಬಳಸುತ್ತದೆ. ಅಂದಾಜಿನಲ್ಲಿ ಚುರುಕಾದ ಎಐ ಕೂಡ ಮೈಕ್ರಾನ್ ಮಾತು ಬಂದಾಗ ಇಂಥದ್ದನ್ನೇ ಕರೆಯಬೇಕು.

ನನ್ನ ಚಿಂತೆ ಕಲಿಯುವವರದು. ಕ್ಯಾಡ್ ಬಂದಾಗ ಹುಡುಗರು ಮೌಸ್ ಹಿಡಿದಾದರೂ ಒಂದೊಂದೇ ಗೆರೆ ಎಳೆದು ಕಲಿತರು. ಇನ್ನು ಅದೂ ಇಲ್ಲವಾದರೆ ಚೆಕರ್ ಎಲ್ಲಿ ತಯಾರಾಗಬೇಕು? ತಂತ್ರಾಂಶ ಮಾರುವವರು ಇದನ್ನು ತಮ್ಮ ಹೊಣೆ ಅಂದುಕೊಳ್ಳಬೇಕು. ಬ್ರ್ಯಾಕೆಟ್ಟಿನ ದಪ್ಪ ಆರು ಮಿಲಿಮೀಟರ್ ಅಂತ ಯಂತ್ರ ಹೇಳಿದರೆ, ಯಾವ ಭಾರಕ್ಕೆ, ಯಾವ ಲೋಹಕ್ಕೆ, ಎಷ್ಟು ಸುರಕ್ಷತೆ ಇಟ್ಟು ಹೇಳಿತು ಎಂಬುದು ಪಕ್ಕದಲ್ಲೇ ಇರಬೇಕು. ನಿನ್ನೆ ಡಿಪ್ಲೊಮಾ ಮುಗಿಸಿದ ಹುಡುಗಿ ಅದನ್ನು ಬಿಚ್ಚಿ, ಭಾರ ಬದಲಿಸಿ, ಎಲ್ಲಿ ಮುರಿಯುತ್ತದೆ ಅಂತ ತಾನೇ ನೋಡುವಂತಿರಬೇಕು.